ಪೇಟಿ ಒರೆಸಿದ ಮಧ್ಯಾಹ್ನ

ಮೊನ್ನೆ ಹಾರ್ಮೋನಿಯಂ ರಿಪೇರಿ ಅಂಗಡಿಯಲ್ಲಿ ಹಳೆಯ ತಿದಿಯ ಚರ್ಮದ ವಾಸನೆ ಮೂಗಿಗೆ ಬಡಿದಾಗ, ಎಪ್ಪತ್ತರ ದಶಕದ ನಮ್ಮ ಸವದತ್ತಿಯ ಮನೆ ನೆನಪಾಯಿತು.

ಆಗ ನನಗೆ ಹತ್ತು ವರ್ಷ. ಹಾರ್ಮೋನಿಯಂಗೆ ನಾವು ಪೇಟಿ ಅನ್ನುತ್ತಿದ್ದೆವು. ಅದನ್ನು ಕಲಿಸಲು ಭಜನೆಯ ಮಾಸ್ತರರೊಬ್ಬರು ಬರುತ್ತಿದ್ದರು. ಊರಾಚೆಯ ಕೇರಿಯವರೆಂದು ಅವರನ್ನು ಹೊರಗಿನ ಕಟ್ಟೆಯ ಮೇಲೆ ಕೂರಿಸುತ್ತಿದ್ದರು. ನಾನು ಮತ್ತು ಪೇಟಿ ಹೊಸ್ತಿಲ ಒಳಗೆ. ಅವರು ಹಾಡಿ ತೋರಿಸಬೇಕು, ನಾನು ಕೇಳಿ ನುಡಿಸಬೇಕು.

ಆ ಮಧ್ಯಾಹ್ನ ಒಂದೇ ಸಾಲನ್ನು ಎಷ್ಟು ಸಲ ನುಡಿಸಿದರೂ ಸ್ವರಗಳು ಬಿಡಿಬಿಡಿಯಾಗಿ ಬೀಳುತ್ತಿದ್ದವು.

“ಬಡೀಬ್ಯಾಡವ್ವಾ, ಹಾಡಸು. ಒಂದು ಸುರ ಮುಗಿಯೂದ್ರಾಗ ಇನ್ನೊಂದರ ಕೈ ಹಿಡೀಬೇಕು. ತಿದಿ ಅಂದ್ರ ನಿನ್ನ ಉಸರಿದ್ದಂಗ,” ಎಂದರು ಮಾಸ್ತರರು.

ನನಗೆ ಬರಲಿಲ್ಲ. ಅವರು ತಮ್ಮನ್ನೇ ಮರೆತು ಒಳಗೆ ಬಂದು, ನನ್ನ ಪಕ್ಕ ಕುಳಿತು ಅದೇ ಸಾಲು ನುಡಿಸಿದರು. ನಮ್ಮ ಹಳೆಯ ಪೇಟಿ, ಯಾರೋ ಗಂಟಲು ತುಂಬಿಕೊಂಡು ಹಾಡಿದಂತೆ ಹಾಡಿತು. ನಾನು ಖುಷಿಗೆ ಚಪ್ಪಾಳೆ ತಟ್ಟಿದೆ. ಆ ಸದ್ದಿಗೇ ಅಜ್ಜಿ ಅಡುಗೆಮನೆಯಿಂದ ಬಂದಳು.

ಅವಳು ಬೈಯಲಿಲ್ಲ. ಮಾಸ್ತರರು ಎದ್ದು ಹೊರಗೆ ಇಳಿಯುವ ತನಕ ಕಾದು, ನನ್ನ ಕೈಗೆ ಒದ್ದೆ ಅರಿವೆ ಕೊಟ್ಟು, “ಪೇಟಿ ಒರಸು,” ಎಂದಳು. ಅವರು ಮುಟ್ಟಿದ ಸ್ವರದ ಪಟ್ಟಿಗಳನ್ನು ಒಂದೊಂದಾಗಿ ಅವರ ಎದುರಿಗೇ ಒರೆಸಿದೆ.

ಚಪ್ಪಲಿ ಮೆಟ್ಟುತ್ತಿದ್ದ ಮಾಸ್ತರರು ನನ್ನ ಕೈಯನ್ನೇ ನೋಡಿದರು.

“ಅರಿವಿ ಛಲೋ ಹಿಂಡಕೋವ್ವಾ. ನೀರು ಒಳಗ ಇಳದರ ಸುರ ಕೆಡತಾವ.”

ನಾನು ಹಿಂಡಿಕೊಂಡು ಮತ್ತೆ ಒರೆಸಿದೆ. ಆಮೇಲೆ ಅವರು ನಮ್ಮ ಮನೆಗೆ ಬರಲಿಲ್ಲ. ಯಾಕೆಂದು ಯಾರೂ ಕೇಳಲಿಲ್ಲ, ನಾನೂ.