ಮೇಲಿನ ಗೆರೆ

ಮಗಳು ವಿಭಾ ತೀರಿಕೊಂಡು ಮೂರು ತಿಂಗಳಾಗಿತ್ತು. ಶೋಕಶಮನ ಕೇಂದ್ರದ ಬೆಂಚಿನಲ್ಲಿ ಸೇತುರಾಯರು ಹೆಂಡತಿ ಅಂಬುಜಾಕ್ಷಿಯ ಪಕ್ಕ ಕುಳಿತಿದ್ದರು. ಅಲ್ಲಿ ಕೊಡುವ ಮೊದಲ ಸೂಜಿಮದ್ದಿಗೆ ಜೀವಕೋಶದ ಆರ್‌ಎನ್‌ಎಯಲ್ಲಿ ದುಃಖದ ತುಣುಕು ಕತ್ತರಿಸಿಹೋಗದೆ ಉಳಿದಿದ್ದರೆ ಪರೀಕ್ಷೆಯ ಚಿತ್ರದಲ್ಲಿ ಮೇಲೊಂದು ಗೆರೆ ಮೂಡುತ್ತದೆ. ಮೂಡಿದವರಿಗೆ ಮತ್ತೊಂದು ಸೂಜಿ ಕಡ್ಡಾಯ.

ತಮ್ಮ ದುಃಖವನ್ನು ಉಳಿಸಿಕೊಳ್ಳಲೆಂದು ರಾಯರು ಹಿಂದಿನ ಸಲ ಇಬ್ಬರ ರಕ್ತದ ಶೀಶೆಗಳ ಚೀಟಿಗಳನ್ನು ಗುಟ್ಟಾಗಿ ಅದಲುಬದಲು ಮಾಡಿದ್ದರು. ಅವರ ಗೆರೆ ಹೆಂಡತಿಯ ಹೆಸರಿನಲ್ಲಿ ಮೂಡಿತು. ಮೊದಲ ಸೂಜಿಗೇ ಅಳು ಮರೆತಿದ್ದ ಅಂಬುಜಾಕ್ಷಿಗೆ ಎರಡನೆಯದೂ ಬಿತ್ತು.

"ಅಮ್ಮಂದು ಈಗ ಫುಲ್ ಕ್ಲೀನ್ ಸಾರ್," ಎಂದು ಪರೀಕ್ಷೆ ಮಾಡಿದ ಹುಡುಗಿ ನಕ್ಕಳು. "ಗೆರೆಯ ಗುರುತೂ ಇಲ್ಲ."

ಅಂಬುಜಾಕ್ಷಿ ಕೈಯಲ್ಲಿದ್ದ ಕೊಡೆಯನ್ನು ತಿರುಗಿಸಿ ನೋಡಿದರು.

"ರೀ, ಹಿಡಿ ಮೇಲೆ ವಿಭಾ ಅಂತ ಬರೆದಿದೆ. ಯಾರದೋ ತಂದುಬಿಟ್ಟಿದ್ದೀವಿ. ಕೌಂಟರ್‌ನಲ್ಲಿ ಕೊಟ್ಬಿಡಿ. ಪಾಪ, ಹುಡುಕ್ತಿರ್ತಾಳೆ."