ಮುಚ್ಚಲು ಕಾರಣ

ವಾರಿಜಾ ಮತ್ತು ಅವಳ ಎಂಟು ಜನ ಜೊತೆಗಾರರು ಮೂರು ವರ್ಷ ಕೂತು ಒಂದು ವಿಡಿಯೋ ಗೇಮ್ ಮಾಡಿದ್ದರು. ಮುದಿ ಅಂಬಿಗನೊಬ್ಬ ಜನರನ್ನು ಹೊಳೆ ದಾಟಿಸುತ್ತಾ ಅವರ ಕಷ್ಟಸುಖ ಕೇಳುವ ಆಟ ಅದು. ಗುಂಡಿಲ್ಲ, ಬಾಂಬಿಲ್ಲ; ಆದರೂ ಜನ ಮುಗಿಬಿದ್ದು ಆಡಿದರು. ಆಟಕ್ಕೊಂದು ಪ್ರಶಸ್ತಿಯೂ ಬಂತು. ಅದರ ಮರುವಾರವೇ, ಇವರ ಸ್ಟುಡಿಯೋವನ್ನು ಕೊಂಡಿದ್ದ ದೊಡ್ಡ ಕಂಪನಿಯಿಂದ ತ್ರಿವಿಕ್ರಮ್ ಎಂಬ ಅಧಿಕಾರಿ ಹೂಗುಚ್ಛ ಹಿಡಿದು ಬಂದರು. ಅದನ್ನು ವಾರಿಜಾಳ ಕೈಗಿತ್ತು, ಶುಕ್ರವಾರದಿಂದ ಸ್ಟುಡಿಯೋ ಮುಚ್ಚುತ್ತಿದ್ದೇವೆ ಎಂದರು.

"ನಮ್ಮ ಆಟದಿಂದ ನಷ್ಟ ಆಯ್ತಾ ಸರ್?"

"ಛೆ ಛೆ, ಒಳ್ಳೆ ಲಾಭವೇ ಬಂದಿದೆ. ನಷ್ಟ ಆಗಿದ್ದು ನಮ್ಮ ಹೆಡ್ಡಾಫೀಸಿನ ಯುದ್ಧದ ಆಟದಿಂದ. ನಾನೂರು ಜನ ಸೇರಿ ಮಾಡಿದ್ದು, ನಾಲ್ಕು ಜನರೂ ಆಡಲಿಲ್ಲ."

"ಹಾಗಾದರೆ ಅದನ್ನಲ್ಲವಾ ಮುಚ್ಚಬೇಕಾದ್ದು?"

"ನಾನೂರು ಜನರನ್ನು ಮನೆಗೆ ಕಳಿಸಿದರೆ ಪೇಪರಿನಲ್ಲಿ ಬರುತ್ತಮ್ಮಾ. ಒಂಬತ್ತು ಜನ ಅಂದರೆ ಯಾರಿಗೂ ಗೊತ್ತಾಗಲ್ಲ."

ವಾರಿಜಾ ಹೂಗುಚ್ಛವನ್ನು ಮೇಜಿನ ಮೇಲಿಟ್ಟಳು. ಹಿಂದೆ ನಿಂತಿದ್ದ ಇರ್ಫಾನ್ ಕಣ್ಣೊರೆಸಿಕೊಂಡ. ಆಟದ ಚಿತ್ರಗಳೆಲ್ಲ ಅವನವೇ. ಆ ಹೊಳೆಯ ನೀರೊಂದನ್ನೇ ಹನ್ನೊಂದು ತಿಂಗಳು ಬರೆದಿದ್ದ. ತ್ರಿವಿಕ್ರಮ್ ಎಲ್ಲರ ಕೈ ಕುಲುಕಿ, ನಿಮ್ಮಂಥ ಪ್ರತಿಭಾವಂತರಿಗೆ ಒಳ್ಳೆಯ ಭವಿಷ್ಯವಿದೆ ಎಂದು ಹಾರೈಸಿದರು. ಬಾಗಿಲವರೆಗೆ ಹೋದವರು ಏನೋ ನೆನಪಾಗಿ ತಿರುಗಿದರು.

"ಅಂದ ಹಾಗೆ, ಇನ್ನು ಮೇಲೆ ಇಂಥ ಪುಟ್ಟ, ಮನಮುಟ್ಟುವ ಆಟಗಳನ್ನೇ ಮಾಡಬೇಕು ಅಂತ ಬೋರ್ಡ್ ಮೀಟಿಂಗಿನಲ್ಲಿ ತೀರ್ಮಾನ ಆಗಿದೆ. ಅದಕ್ಕೆ ಸರಿಯಾದ ತಂಡ ಯಾವುದಾದರೂ ಗೊತ್ತಿದ್ದರೆ ಹೇಳಿ."