ಮೂರನೆಯ ಗೂಟ

ಬೆಸುಗೆ ಹಾಕುವಾಗ ಏಳುವ ಸುಟ್ಟ ರಾಳದ ವಾಸನೆ ಮೂಗಿಗೆ ಬಡಿದರೆ, ಜಗಳೂರಿನ ನಮ್ಮ ಹಿತ್ತಲಿನ ಆ ಮಧ್ಯಾಹ್ನ ಇವತ್ತಿಗೂ ಎದುರಿಗೆ ಬಂದು ನಿಲ್ಲುತ್ತದೆ.

ಚಿಕ್ಕಪ್ಪನಿಗೆ ಮನೆಯಿಂದಲೇ ದೂರದೂರದವರ ಜೊತೆ ಮಾತಾಡುವ ಹ್ಯಾಮ್ ರೇಡಿಯೊ ಹುಚ್ಚು. ಆಂಟೆನಾ ಏರಿಸಲು ಮೂವತ್ತಡಿಯ ಕಬ್ಬಿಣದ ಪೈಪು ನಿಲ್ಲಿಸಿ, ಮೂರು ಕಡೆಗೆ ತಂತಿ ಎಳೆದು ಗೂಟಗಳಿಗೆ ಬಿಗಿದಿದ್ದ. "ಈ ಗೂಟಕ್ಕೆ ಏನೂ ಕಟ್ಟಬ್ಯಾಡ ಕಣವ್ವ, ಕಂಬ ನಿಂತಿರೋದೇ ಇವುಗಳ ಮ್ಯಾಲೆ," ಎಂದು ನನಗೆ ಹೇಳಿ, ಆಂಟೆನಾದ ವೈರುಗಳಿಗೆ ಬೆಸುಗೆ ಹಾಕಲು ಒಳಗೆ ಹೋದ.

ನನ್ನ ಕೈಯಲ್ಲಿ ನಮ್ಮ ಟಗರಿನ ಹಗ್ಗವಿತ್ತು. ನೀರು ಕುಡಿದು ಬರುವಷ್ಟು ಹೊತ್ತು ತಾನೇ ಎಂದುಕೊಂಡು ಮೂರನೆಯ ಗೂಟಕ್ಕೆ ಕಟ್ಟಿದೆ. ಚೊಂಬು ಬಾಯಿಗಿಡುವಷ್ಟರಲ್ಲಿ ಧಡಾರನೆ ಸದ್ದಾಯಿತು. ಓಡಿ ಬಂದು ನೋಡಿದರೆ ಗೂಟ ಕಿತ್ತು ಬಂದಿತ್ತು, ಪೈಪು ಕಾಂಪೌಂಡಿನ ಮೇಲೆ ಬಿದ್ದು ಬಾಗಿತ್ತು. ಚಿಕ್ಕಪ್ಪ ಬರುವ ಮೊದಲೇ ಹಗ್ಗ ಬಿಚ್ಚಿಬಿಟ್ಟೆ.

ಅವನು ಮಂಡಿಯೂರಿ ಕುಳಿತು ಗೂಟದ ಕುಳಿಯೊಳಗೆ ಕೈಯಿಳಿಸಿ ಅಳತೆ ನೋಡಿದ. "ಎರಡಡಿ ಸಾಲಲಿಲ್ಲ. ತಪ್ಪು ನಂದೇ," ಎಂದ. ನಾನು ಟಗರಿನ ಬಿಸಿ ಕುತ್ತಿಗೆಯನ್ನು ಸವರುತ್ತ ನಿಂತಿದ್ದೆ.

ಎಷ್ಟೋ ವರ್ಷ ಅವನು ಕಂಬದ ಸುದ್ದಿಗೇ ಹೋಗಲಿಲ್ಲ. ಹೋದ ಭಾನುವಾರ ಊರಿಗೆ ಹೋದಾಗ ನೋಡಿದರೆ, ನರೆತ ತಲೆಗೆ ಟವೆಲ್ ಸುತ್ತಿಕೊಂಡು, ಹೊಸ ಕಂಬದ ಗೂಟಕ್ಕೆ ಎದೆಮಟ್ಟದ ಗುಂಡಿ ತೋಡುತ್ತಿದ್ದ. ಏದುಸಿರು ಬರುತ್ತಿತ್ತು.

"ಸಾಕು ಬಿಡು ಚಿಕ್ಕಪ್ಪ, ಇಷ್ಟು ಆಳ ಬೇಡ," ಎಂದೆ.

"ಹೋದ ಸಲ ಹೆಂಗಾತು, ನೀನೇ ನೋಡಿದ್ಯಲ್ಲವ್ವ," ಎಂದು ಮತ್ತೆ ಹಾರೆ ಎತ್ತಿದ.

ನಾನು ಬಗ್ಗಿ ಬುಟ್ಟಿಗೆ ಮಣ್ಣು ತುಂಬತೊಡಗಿದೆ.